ಓಬಮ್ಮನ ಮಡಿಲಲ್ಲಿ ಸರಸ್ವತಿ

ಚಿತ್ರದುರ್ಗದಲ್ಲಿ ಕೋಟೆಗೆ ಹೋಗುವ ದಾರಿಯ ಮೇಲೆ, ಹಳೆಯ ಹತ್ತಿ ಮಂಡಿಯೊಂದನ್ನು ಬಾಡಿಗೆಗೆ ಹಿಡಿದು ವಿಶ್ವವಿದ್ಯಾಲಯದವರು ಆರೋಗ್ಯ ವಿಜ್ಞಾನ ಗ್ರಂಥಾಲಯ ತೆರೆದಿದ್ದರು. ಡಾಕ್ಟರಿಗೂ ನರ್ಸಿಗೂ ತರಬೇತಿಯ ಹುಡುಗಿಯರಿಗೂ ಅದು ಬೆಳಿಗ್ಗೆಯಿಂದ ಸಂಜೆವರೆಗೆ ತೆರೆದಿರುತ್ತಿತ್ತು. ಬೀರುಗಳು ಮಾತ್ರ ಮುಚ್ಚಿರುತ್ತಿದ್ದವು.

ಗ್ರಂಥಪಾಲ ಪಂಚಾಕ್ಷರಪ್ಪನವರ ಪ್ರಕಾರ ಪುಸ್ತಕ ಮುಟ್ಟಿದರೆ ಮಾಸುತ್ತದೆ, ಮಾಸಿದರೆ ಹರಿಯುತ್ತದೆ, ಹರಿದರೆ ಮೇಲಿನವರಿಗೆ ತಾವು ಉತ್ತರ ಹೇಳಬೇಕಾಗುತ್ತದೆ. ಹೀಗಾಗಿ ಅಲ್ಲಿನ ಪುಸ್ತಕಗಳಿಗೆ ಜಿಲ್ಲೆಯ ಯಾವ ರೋಗಿಗೂ ಸಿಗದಷ್ಟು ಆರೈಕೆ ಸಿಗುತ್ತಿತ್ತು. ನುಸಿಗುಳಿಗೆ, ಒಣಗಿದ ಬೇವಿನ ಸೊಪ್ಪು, ಆಗಾಗ ಎಳೆಬಿಸಿಲು. ಜರ್ಮನಿಯಿಂದ ದಾನವಾಗಿ ಬಂದ ಹಲ್ಲಿನ ಪುಸ್ತಕಗಳಂತೂ ಅವರ ಕಣ್ಮಣಿಗಳು. ಜರ್ಮನ್ ಬಲ್ಲವರು ಊರಲ್ಲಿ ಯಾರೂ ಇರಲಿಲ್ಲವಾದ್ದರಿಂದ ಅವು ಬಂದ ಹಾಗೆಯೇ ಇದ್ದವು. ಪುಸ್ತಕದ ಪ್ರಯೋಜನ ಕುರಿತು ಭಾಷಣಗಳು ಮಾತ್ರ ತಪ್ಪದೆ ನಡೆಯುತ್ತಿದ್ದವು.

ಬಬ್ಬೂರಿನ ಏಕಾಂತಮ್ಮ ಅಲ್ಲೇ ದುರ್ಗದಲ್ಲಿ ಸೂಲಗಿತ್ತಿ ನರ್ಸಿನ ತರಬೇತಿಗೆ ಸೇರಿದ್ದಳು. ಹೆರಿಗೆಯ ವಿಷಯದಲ್ಲಿ ಒಮ್ಮೆ ನಪಾಸಾಗಿದ್ದಳು. ದಸರೆ ಮುಗಿದ ಮೇಲೆ ಮರುಪರೀಕ್ಷೆ. ಅದರಲ್ಲೂ ಹೋದರೆ ಹಾಸ್ಟೆಲ್ ಬಿಟ್ಟು ಊರಿಗೆ ನಡೆಯಬೇಕು. ಹೆರಿಗೆಯ ಬಗ್ಗೆ ಕನ್ನಡದಲ್ಲಿದ್ದ ಪುಸ್ತಕ ಇಡೀ ಗ್ರಂಥಾಲಯಕ್ಕೆ ಒಂದೇ. ಅದು ಈಗ ಸರಸ್ವತಿಯ ಕೆಳಗಿತ್ತು.

ನವರಾತ್ರಿಯಲ್ಲಿ ಪುಸ್ತಕಗಳನ್ನು ಪೂಜೆಗೆ ಇಟ್ಟರೆ ವಿಸರ್ಜನೆಯವರೆಗೆ ಯಾರೂ ಓದುವಂತಿಲ್ಲ. ಎಲ್ಲರ ಮನೆಯಲ್ಲೂ ನಡೆಯುವುದೇ. ಆದರೆ ಪಂಚಾಕ್ಷರಪ್ಪನವರು ಆ ವರ್ಷ ಪುಸ್ತಕಗಳಿಂದಲೇ ಸಿಂಹಾಸನ ಕಟ್ಟಿಸಿ, ಎಲ್ಲಕ್ಕಿಂತ ಅಗಲವಾಗಿದ್ದ ಹೆರಿಗೆ ಪುಸ್ತಕವನ್ನು ಮೇಲಿಟ್ಟು, ಅದರ ಮೇಲೆ ಗಾಜಿನ ಚೌಕಟ್ಟಿನ ಸರಸ್ವತಿ ಪಟ ಕೂರಿಸಿದ್ದರು. ವಿಸರ್ಜನೆ ಕುಲಪತಿಗಳ ಕೈಯಿಂದಲೇ ಆಗಬೇಕೆಂದು ಅವರ ಆಸೆ. ಕುಲಪತಿಗಳಿಗೆ ವಿಜಯದಶಮಿಯಂದು ಪುರಸೊತ್ತಾಗಲಿಲ್ಲ. ಹಬ್ಬ ಮುಗಿಯಿತು, ಬನ್ನಿ ಹಂಚಿ ಆಯಿತು, ದೇವಿ ಮಾತ್ರ ಕುಳಿತೇ ಇದ್ದಳು.

ನಾಳೆ ಪರೀಕ್ಷೆ ಎನ್ನುವ ದಿನ ತಾಯಿ ಓಬಮ್ಮ ಬಂದಳು. ಬಬ್ಬೂರಿನ ಕೃಷಿ ಕೇಂದ್ರದಲ್ಲಿ ಕಳೆ ಕೀಳುವ ಹೆಂಗಸು. ಮಗಳ ಮುಖ ಕಂಡು, ಪುಸ್ತಕದ ಸಂಗತಿ ಕೇಳಿದವಳೇ ಕೈ ಹಿಡಿದು ಗ್ರಂಥಾಲಯಕ್ಕೆ ಕರೆತಂದಳು.

"ಸ್ವಾಮಿ, ಹಬ್ಬ ಆತಲ್ಲ. ಮಗೀಗೆ ಆ ಪುಸ್ತಕ ಕೊಡ್ರಿ. ಇಲ್ಲೇ ಕುಂತು ಓದ್ಕಂತಾಳೆ."

"ವಿಸರ್ಜನೆ ಆಗಿಲ್ಲಮ್ಮ. ಈಗ ಓದಿದ್ರೆ ವಿದ್ಯೆ ಹತ್ತಲ್ಲ."

"ಓದ್ದಿದ್ರೆ ಹತ್ತತೈತಾ?"

"ಅಯ್ಯೋ, ನಿಂಗೆ ಹೆಂಗೆ ತಿಳಿಸ್ಲಿ? ಸಾಯಂಕಾಲ ಕುಲಪತಿ ಸಾಹೇಬ್ರು ವಿಸರ್ಜನೆಗೆ ಬತ್ತಾರೆ. ನಾಳೆ ಬಂದು ಅರ್ಜಿ ಕೊಡು."

"ನಾಳೆ ಪರೀಕ್ಷೆ, ಸ್ವಾಮಿ."

"ಹಂಗಾದ್ರೆ ನಾಡಿದ್ದು ಬಾ."

ಅಷ್ಟರಲ್ಲಿ ಕುಲಪತಿಗಳ ಕಾರು ಬೇಗನೆ ಹಿರಿಯೂರು ಬಿಟ್ಟಿತೆಂದು ಸುದ್ದಿ ಬಂತು. ಪಂಚಾಕ್ಷರಪ್ಪನವರು ರುಮಾಲು ಸರಿಮಾಡಿಕೊಂಡು, ಹಾರ ಹಿಡಿದು ಪ್ರವಾಸಿ ಮಂದಿರದ ಕಡೆ ಓಡಿದರು. ಬಾಗಿಲಲ್ಲಿ ತಿರುಗಿ, "ಏ ಅಮ್ಮ, ಹೆಂಗೂ ಬಂದಿದೀಯ, ದೀಪ ಆರ್ದಂಗೆ ನೋಡ್ಕ" ಎಂದರು.

ಓಬಮ್ಮ ದೀಪಕ್ಕೆ ಎಣ್ಣೆ ಹಾಕಿದಳು. ಕೈ ಒರೆಸಿಕೊಂಡು ದೇವಿಗೆ ಅಡ್ಡಬಿದ್ದಳು. ಎದ್ದು ಎರಡೂ ಕೈಯಿಂದ ಪಟ ಎತ್ತಿದಳು.

"ತಗಳವ್ವ, ಬಿರ್ರನೆ."

"ಅವ್ವಾ, ಪಾಪ ಬತ್ತೈತೆ!"

"ಬಂದ್ರೆ ನನಗೆ ಬರ್ಲಿ. ನೀನು ಓದು."

ಪುಸ್ತಕ ತೆಗೆದ ಮೇಲೆ ಸಿಂಹಾಸನ ಅಲುಗಾಡಿತು. ಉಳಿದ ಪುಸ್ತಕಗಳ ಮೇಲೆ ಪಟ ನಿಲ್ಲಲೊಲ್ಲದು. ನೆಲದ ಮೇಲಿಡಲು ಓಬಮ್ಮನಿಗೆ ಮನಸ್ಸಾಗಲಿಲ್ಲ. ಅವಳು ಚಕ್ಕಳಮಕ್ಕಳ ಹಾಕಿ ಕುಳಿತು, ಸರಸ್ವತಿಯನ್ನು ಮಡಿಲಲ್ಲಿ ನಿಲ್ಲಿಸಿ ಎದೆಗೆ ಆನಿಸಿಕೊಂಡಳು. ಏಕಾಂತಮ್ಮ ತಾಯಿಯ ಬೆನ್ನ ಹಿಂದೆ ಕುಳಿತು, ಮಗು ಅಡ್ಡ ಬಂದರೆ ಏನು ಮಾಡಬೇಕೆಂದು ಓದತೊಡಗಿದಳು.

ಹೆರಿಗೆಯಾದ ಮೇಲೆ ರಕ್ತ ನಿಲ್ಲದಿದ್ದರೆ ಏನು ಮಾಡಬೇಕು ಎಂಬಲ್ಲಿಗೆ ಅವಳು ಬರುವಾಗ ಹೊರಗೆ ಕಾರು ನಿಂತಿತು.

ಮೊದಲು ಒಳಗೆ ಬಂದವರು ಪಂಚಾಕ್ಷರಪ್ಪ. ಖಾಲಿ ಸಿಂಹಾಸನ ನೋಡಿದರು, ಮಡಿಲು ನೋಡಿದರು, ಬೆನ್ನ ಹಿಂದಿನ ಪುಸ್ತಕ ನೋಡಿದರು. ಬಾಯಿ ತೆರೆಯಿತು. ಅಷ್ಟರಲ್ಲಿ ಹಿಂದಿನಿಂದ ಕುಲಪತಿಗಳು, "ಆಹಾ!" ಎಂದರು.

"ತಾಯಿ ಕುಂತು ಕುಂತು ಬ್ಯಾಸತ್ತಿದ್ಲು, ಸ್ವಾಮಿ. ಅದಕ್ಕೆ ಮಡಿಲಿಗೆ ತಕಂಡೆ" ಎಂದಳು ಓಬಮ್ಮ.

"ತಾಯಿಯ ಮಡಿಲಲ್ಲಿ ವಿದ್ಯೆ! ಎಂಥ ಕಲ್ಪನೆ! ಇದು ಈ ಕಡೆಯ ಸಂಪ್ರದಾಯವೇನ್ರಿ, ಪಂಚಾಕ್ಷರಪ್ಪ?"

ಪಂಚಾಕ್ಷರಪ್ಪನವರ ತೆರೆದ ಬಾಯಿಗೆ ಒಂದು ಕೆಲಸ ಸಿಕ್ಕಿತು. "ಹೌದು ಸಾರ್. ಪಾಳೇಗಾರರ ಕಾಲದಿಂದ ಐತೆ ಸಾರ್" ಎಂದರು.

ಕುಲಪತಿಗಳು ಮಂಗಳಾರತಿ ಎತ್ತಿದರು. "ಇನ್ನು ದೇವಿಯನ್ನು ಎಬ್ಬಿಸೋಣವೆ?" ಎಂದು ಕೈ ಚಾಚಿದರು. ಎಬ್ಬಿಸಿದರೆ ಓಬಮ್ಮ ಏಳಬೇಕು, ಅವಳು ಎದ್ದರೆ ಪುಸ್ತಕ ಬೀರು ಸೇರಬೇಕು. ಅವಳು ಮೆಲ್ಲಗೆ ಹಿಂದಕ್ಕೆ ಬಾಗಿದಳು. "ಇನ್ನೊಂದು ಪಾಠ ಐತೆ" ಎಂದು ಬೆನ್ನ ಹಿಂದಿನಿಂದ ಪಿಸುಮಾತು ಬಂತು.

"ತಾಯಿ ಏಳವಲ್ಲಳು, ಸ್ವಾಮಿ. ದೊಡ್ಡೋರು ಬಂದಾರೆ, ನಾಕು ಒಳ್ಳೆ ಮಾತು ಆಡ್ಲಿ ಅಂತಾಳೆ."

ಭಾಷಣ ಮಾಡಿ ಎಂದು ದೇವರೇ ಕೇಳಿದ್ದು ಕುಲಪತಿಗಳಿಗೆ ಅದೇ ಮೊದಲು. ಅವರು ಕನ್ನಡಕ ಒರೆಸಿಕೊಂಡು ಶುರುಮಾಡಿದರು. ಜ್ಞಾನ ಬೀರುವಿನಲ್ಲಿ ಕೊಳೆಯಬಾರದು ಎಂದರು. ಹಳ್ಳಿಯ ಕಟ್ಟಕಡೆಯ ಹೆಣ್ಣುಮಗಳ ಕೈಗೂ ಪುಸ್ತಕ ಸಿಗಬೇಕು ಎಂದರು. ಆಗ ಅತಿ ಜೋರಾಗಿ ಚಪ್ಪಾಳೆ ತಟ್ಟಿದವರು ಪಂಚಾಕ್ಷರಪ್ಪ. ತಟ್ಟುತ್ತಲೇ ಕಟ್ಟಕಡೆಯ ಹೆಣ್ಣುಮಗಳನ್ನು ಕಣ್ಣಲ್ಲೇ ಸುಡುತ್ತಿದ್ದರು. ಏಕಾಂತಮ್ಮ ಪುಸ್ತಕದಿಂದ ತಲೆ ಎತ್ತಲಿಲ್ಲ.

ಭಾಷಣ ಪ್ರಾಚೀನ ಭಾರತ ದಾಟಿ ಗ್ರೀಸ್ ದೇಶಕ್ಕೆ ಹೋಯಿತು. ಓಬಮ್ಮನ ಕಾಲು ಜೋಮು ಹಿಡಿದಿತ್ತು. ಚೌಕಟ್ಟಿನ ಮೂಲೆ ತೊಡೆಗೆ ಒತ್ತುತ್ತಿತ್ತು. ಕುಲಪತಿಗಳಿಗೆ ಮಾತು ಸಾಲದೆ ಬಂದಾಗ ಅವಳು, "ಆ ಊರಾಗೆ ಮಳೆ ಬೆಳೆ ಹೆಂಗೆ, ಸ್ವಾಮಿ?" ಎಂದು ಕೇಳಿದಳು. ಅವರು ಅದನ್ನೂ ವಿವರಿಸಿದರು.

ಬೆನ್ನಿಗೆ ಮೆಲ್ಲಗೆ ಒಂದು ಕೈ ತಾಕಿತು.

"ಆತವ್ವ."

"ಈಗ ಎಬ್ಬಿಸ್ರಿ, ಸ್ವಾಮಿ" ಎಂದಳು ಓಬಮ್ಮ. "ತಾಯಿಗೆ ಸಾಕಾತಂತೆ."

ಏಕಾಂತಮ್ಮ ಪಾಸಾದಳು. ಮುಂದಿನ ನವರಾತ್ರಿಗೆ ಪಂಚಾಕ್ಷರಪ್ಪನವರು ಬಬ್ಬೂರಿಗೆ ಆಳು ಕಳಿಸಿ, ಸಂಪ್ರದಾಯ ತಪ್ಪಬಾರದು, ಬಂದು ಕೂರಬೇಕಂತೆ ಎಂದು ಹೇಳಿಸಿದರು. ಓಬಮ್ಮ ಕಳೆ ಕೀಳುತ್ತಲೇ ಕೇಳಿದಳು: "ಈ ಸಲ ಯಾರ ಮಗಳು ನಪಾಸಾಗ್ಯಾಳೆ?"