ಕೆಳಗಿನ ಮನೆಯವರ ನಿದ್ದೆ

ನಾನು ಹುಟ್ಟಾ ಬಾಯಿಬಡಕಿ. ಸುಳ್ಳು ಹೇಳಿ ನನಗೇನು ಸಿಗಬೇಕು? ಬಸ್ ನಿಲ್ದಾಣದಲ್ಲಿ ಮೈಕಿನ ಮುಂದೆ ಕೂತು, ಯಾವ ಬಸ್ಸು ಎಲ್ಲಿ ನಿಂತಿದೆ, ಯಾವುದು ಹೊರಟಿತು ಎಂದು ಹದಿನಾಲ್ಕು ವರ್ಷದಿಂದ ಕೂಗುತ್ತಿದ್ದೇನೆ. ಕರೆಂಟು ಹೋದ ದಿನ ಮೈಕಿಲ್ಲದೆಯೇ ನಾಲ್ಕು ಬಸ್ಸು ಹೊರಡಿಸಿದವಳು ನಾನು. ಮಗಳು ನನ್ನದೇ ಪಡಿಯಚ್ಚು. ಆರು ವರ್ಷ, ಹಿಡಿಯಷ್ಟು ಮೈ, ಊರಗಲದ ಗಂಟಲು. ನಾವಿಟ್ಟ ಹೆಸರು ಶಾಲೆಯ ಹಾಜರಿ ಪುಸ್ತಕದಲ್ಲಿದೆ, ಅಷ್ಟೆ. ಉಳಿದವರಿಗೆಲ್ಲ ಅವಳು ಪಟಾಕಿ.

ಈ ಗಂಟಲುಗಳ ದೆಸೆಯಿಂದ ಎರಡು ಬಾಡಿಗೆ ಮನೆ ಕಳೆದುಕೊಂಡೆವು. ಮೊದಲನೆಯದರಲ್ಲಿ ಪಕ್ಕದವರು ಗೋಡೆ ಗುದ್ದಿದರು. ನಾನು ಸುಮ್ಮನಿರುವ ಜಾತಿಯೇ? ಲಟ್ಟಣಿಗೆ ತೆಗೆದುಕೊಂಡು ತಿರುಗಿ ಗುದ್ದಿದೆ. ತಿಂಗಳು ತುಂಬುವುದರೊಳಗೆ ಗಂಟುಮೂಟೆ ಕಟ್ಟಬೇಕಾಯಿತು. ಎರಡನೆಯ ಮನೆಯನ್ನು ಪಟಾಕಿಯ ಓಟ ನುಂಗಿತು. ಆಮೇಲೆ ಐದು ತಿಂಗಳು ಗಂಡ, ಅತ್ತೆ, ಮಗಳು, ನಾನು, ನಾಲ್ವರೂ ನನ್ನ ತಂಗಿಯ ಮನೆಯ ಒಂದು ಕೋಣೆಯಲ್ಲಿ. ತಂಗಿಯ ಮುಖ ದಿನದಿನಕ್ಕೂ ಬಿಗಿಯುತ್ತಿದ್ದುದನ್ನು ನೋಡಿಯೂ ನೋಡದ ಹಾಗಿದ್ದೆ. ಅಂತೂ ಮೂರನೆಯ ಮನೆ ಸಿಕ್ಕಾಗ ಮಾಲೀಕರು ಬೀಗದ ಕೈ ಕೊಡುವ ಮೊದಲೇ ಹೇಳಿದರು: "ಕೆಳಗಿನ ಮನೆಯಿಂದ ಒಂದೇ ಒಂದು ದೂರು ಬಂದ್ರೂ ಅವತ್ತೇ ಖಾಲಿ ಮಾಡ್ಬೇಕು. ಆಮೇಲೆ ನನ್ನ ಬೈಕೋಬೇಡಿ."

ಹೋದ ಮೂರನೆಯ ದಿನವೇ ಕೆಳಗಿನ ಮನೆಯವರು ಬಾಗಿಲು ತಟ್ಟಿದರು. ಐವತ್ತು ದಾಟಿದ ಮನುಷ್ಯ, ಒಂಟಿ, ಕಣ್ಣು ಕೆಂಪಗೆ. ಬಂತಲ್ಲ ದೂರು, ಅಂದುಕೊಂಡೆ.

"ತಪ್ಪು ತಿಳ್ಕೋಬೇಡಿ ತಂಗಿ," ಎಂದರು. "ನಾನು ರಾತ್ರಿ ರೈಲು ಓಡಿಸೋನು. ಹಗಲು ಹನ್ನೊಂದರಿಂದ ನಾಲ್ಕರವರೆಗೆ ಬಿಟ್ರೆ ನಂಗೆ ಬೇರೆ ನಿದ್ದೆ ಇಲ್ಲ. ಹಿಂದುಗಡೆ ಎಂಟುನೂರು ಜನ ಮಲಗಿರ್ತಾರೆ. ನನ್ನ ಕಣ್ಣು ಒಂದು ಗಳಿಗೆ ಎಳೆದ್ರೆ ಸಾಕು. ಸ್ವಲ್ಪ ನೋಡ್ಕೊಳ್ಳಿ."

ಜಗಳಕ್ಕೆ ಬಂದಿದ್ದರೆ ನಾನೂ ಸೆರಗು ಕಟ್ಟಿ ನಿಲ್ಲುತ್ತಿದ್ದೆ. ಆ ಮೆತ್ತನೆಯ ಮಾತಿಗೆ ನಾನು ಹೆದರಿಬಿಟ್ಟೆ.

ಅವತ್ತಿನಿಂದ ನಮ್ಮ ಮನೆ ಮನೆಯಾಗಿ ಉಳಿಯಲಿಲ್ಲ. ಗಂಡ ಕುರ್ಚಿಗಳ ಕಾಲಿಗೆಲ್ಲ ಬಟ್ಟೆ ಸುತ್ತಿದರು. ಅತ್ತೆಗೆ ಕಿವಿ ಮಂದ, ರೇಡಿಯೊ ಹಾಕಿದರೆ ಬೀದಿಗೆಲ್ಲ ಹಾಕಿದಂತೆ. ಅದನ್ನು ಅಟ್ಟಕ್ಕೇರಿಸಿದೆವು. ನಾನು ಹಳೆಯ ರಬ್ಬರ್ ಚಪ್ಪಲಿ ಕತ್ತರಿಸಿ ನಮ್ಮ ಬಾಗಿಲುಗಳಿಗೆಲ್ಲ ಅಂಟಿಸಿದೆ. ತಾರಸಿಯ ಮೇಲೆ ಹಳೆಯ ಸಾಮಾನು ತುಂಬುವ ತಗಡಿನ ಕೋಣೆಯೊಂದಿತ್ತು. ಗಾಳಿ ಬಂದರೆ ಅದರ ಬಾಗಿಲು ಢಣಾರೆಂದು ಬಡಿಯುತ್ತಿತ್ತು. ಅದು ನಮ್ಮ ಲೆಕ್ಕಕ್ಕೆ ಬೀಳುವುದು ಬೇಡವೆಂದು ಅದಕ್ಕೂ ಅಂಟಿಸಿದೆ.

ಉಳಿದದ್ದು ಪಟಾಕಿ. ಗದರಿಸಿದೆ, ಮುದ್ದು ಮಾಡಿದೆ, ಮಿಠಾಯಿ ಆಸೆ ತೋರಿಸಿದೆ. ಗೋರ್ಕಲ್ಲ ಮೇಲೆ ಮಳೆ ಸುರಿದಂತಾಯಿತು. ಒಂದು ಮಧ್ಯಾಹ್ನ ಅವಳು ಮಂಚದಿಂದ ಧುಮುಕಿದಾಗ ತಲೆ ಕೆಟ್ಟು ಎರಡೂ ತೋಳು ಹಿಡಿದು ಹೇಳಿಬಿಟ್ಟೆ.

"ನೋಡು, ನೀನು ಸದ್ದು ಮಾಡಿದ್ರೆ ಅಂಕಲ್‌ಗೆ ಎಚ್ಚರ ಆಗತ್ತೆ. ಎಚ್ಚರ ಆದ್ರೆ ರಾತ್ರಿ ರೈಲು ಬೀಳತ್ತೆ. ಎಂಟುನೂರು ಜನ ಸತ್ತುಹೋಗ್ತಾರೆ. ಗೊತ್ತಾಯ್ತಾ?"

ಅವಳು ನನ್ನ ಮುಖವನ್ನೇ ನೋಡಿದಳು. "ಮಕ್ಕಳೂನಾ?"

"ಮಕ್ಕಳೂ."

ಮದ್ದು ತಗುಲಿತು. ಮಗು ಬೆರಳ ತುದಿಯಲ್ಲಿ ನಡೆಯತೊಡಗಿತು. ಕೆಮ್ಮು ಬಂದರೆ ದಿಂಬಿಗೆ ಮುಖ ಒತ್ತಿಕೊಳ್ಳುತ್ತಿತ್ತು. ಬೆಳಿಗ್ಗೆ ಶಾಲೆಗೆ ಹೊರಡುವ ಮೊದಲು ಕಿಟಕಿಯ ಹತ್ತಿರ ನಿಂತು, ಅಂಕಲ್ ಚೀಲ ಹಿಡಿದು ಗೇಟಿನೊಳಗೆ ಬಂದಮೇಲೇ ಬೂಟು ಹಾಕಿಕೊಳ್ಳುತ್ತಿತ್ತು. "ರೈಲು ಬೀಳ್ಲಿಲ್ಲ," ಎಂದು ಅಜ್ಜಿಗೆ ಸುದ್ದಿ ಮುಟ್ಟಿಸುತ್ತಿತ್ತು. ನಾನು ನಕ್ಕೆ. ಥೂ ನನ್ನ ಬುದ್ಧಿಗಿಷ್ಟು! ನಿಲ್ದಾಣದಲ್ಲಿ ಜೊತೆಯವರಿಗೂ ಹೇಳಿ ನಗಿಸಿದೆ.

ಆ ದಿನ ಎರಡೂವರೆಗೆ ಕೆಲಸ ಮುಗಿಸಿ ಬಂದೆ. ಬಿಸಿಲು ಬೆಂಕಿ ಸುರಿಯುತ್ತಿತ್ತು. ಅತ್ತೆ ಗೋಡೆಗೆ ಮುಖ ಮಾಡಿ ಮಲಗಿದ್ದರು. ಶಾಲೆಯ ಚೀಲ ಇತ್ತು, ತಟ್ಟೆ ತೊಳೆದಿಟ್ಟಿತ್ತು, ಪಟಾಕಿ ಇರಲಿಲ್ಲ. ಮಂಚದ ಕೆಳಗೆ, ಬೀರುವಿನ ಹಿಂದೆ, ಬಚ್ಚಲಲ್ಲಿ ನೋಡಿದೆ. ಅತ್ತೆಯನ್ನು ಅಲುಗಿಸಿದೆ.

"ಊಟ ಮಾಡಿ ಇಲ್ಲೇ ಇದ್ಳಲ್ಲೇ," ಎಂದವರು ನನ್ನ ಮುಖ ನೋಡಿ ಎದ್ದು ಕೂತರು. "ನನ್ನ ಕಣ್ಣಿಗೆ ಮಣ್ಣು ಹಾಕ. ಮಂಪರು ಹತ್ಬಿಡ್ತು."

ಮೆಟ್ಟಿಲಿಳಿದೆ. ಹೇಗೆ ಇಳಿದೆ ಗೊತ್ತೇ? ಚಪ್ಪಲಿ ಕೈಯಲ್ಲಿ ಹಿಡಿದು, ಬೆರಳ ಮೇಲೆ. ಕೆಳಗಿನ ಮನೆಯ ಬಾಗಿಲ ಮುಂದೆ ಉಸಿರು ಬಿಗಿಹಿಡಿದು ದಾಟಿದೆ. ಗೇಟಿನೆದುರು ಅಂಗಡಿಯಾಕೆ, "ಮಗು ಹೊರಗೆ ಬಂದಿಲ್ಲಮ್ಮ, ನಾನು ಕೂತಲ್ಲಿಂದ ಎದ್ದಿಲ್ಲ," ಎಂದಳು. ತಾರಸಿಗೆ ಓಡಿದೆ. ಒಣಹಾಕಿದ ಬಟ್ಟೆ, ನೀರಿನ ಟ್ಯಾಂಕು, ಹೊರಗಿನಿಂದ ಕೊಂಡಿ ಬಿದ್ದಿದ್ದ ತಗಡಿನ ಕೋಣೆ. ನಾಲ್ಕು ಗಂಟೆ ಆಗಿರಲಿಲ್ಲವಲ್ಲ. ಪಿಸುದನಿಯಲ್ಲಿ ಕರೆದೆ.

"ಪಟಾಕೀ... ಏ ಪಟಾಕೀ..."

ಉತ್ತರವಿಲ್ಲ. ಟ್ಯಾಂಕಿನ ಮುಚ್ಚಳ ಎತ್ತಿ ಇಣುಕಿದೆ. ನೀರು ಅಲ್ಲಾಡದೆ ನಿಂತಿತ್ತು. ಒಳಗೆ ಏನೂ ಇರಲಿಲ್ಲ. ಮುಚ್ಚಳವನ್ನು ಸದ್ದಾಗದಂತೆ ಇಳಿಸಿದೆ.

ಮತ್ತೆ ಬೀದಿ, ಹಿಂದಿನ ಓಣಿ, ಚರಂಡಿಯ ತನಕ ಹೋದೆ. ಗಂಡನಿಗೆ ಫೋನು ಮಾಡಿ ಅಳುವನ್ನೂ ಪಿಸುದನಿಯಲ್ಲೇ ಅತ್ತೆ. ಮೂರೂವರೆಯಾಗಿತ್ತು. ಮೆಟ್ಟಿಲ ನಡುವೆ ನಿಂತಿದ್ದೆ, ಒಂದು ಕಡೆ ಮನೆ ಹೋಗುವ ಹೆದರಿಕೆ, ಇನ್ನೊಂದು ಕಡೆ ಮಗಳು. ನಾಲ್ಕಾಗಲಿ, ಆಮೇಲೆ ಕೂಗೋಣ ಎಂದು ನನ್ನ ತಲೆ ಹೇಳಿತು. ನಿಜವಾಗಿಯೂ ಹೇಳಿತು. ಈಗಲೂ ಅದನ್ನು ನೆನೆದರೆ ನನ್ನ ಕೆನ್ನೆಗೆ ನಾನೇ ಹೊಡೆದುಕೊಳ್ಳಬೇಕು ಅನ್ನಿಸುತ್ತದೆ.

ಆಮೇಲೆ ಬಾಯಿ ತಾನೇ ತೆರೆಯಿತು. ಮೂರು ಮಹಡಿಯೂ ಅದುರುವ ಹಾಗೆ ಕೂಗಿದೆ. ಬಾಗಿಲುಗಳು ತೆರೆದುಕೊಂಡವು. ಕೆಳಗಿನ ಮನೆಯವರು ಬನಿಯನ್ನಿನಲ್ಲೇ ಓಡಿ ಬಂದರು.

"ಮಗಳು ಕಾಣ್ತಿಲ್ಲ ಅಣ್ಣ! ಒಂದು ಗಂಟೆ ಆಯ್ತು!"

"ಒಂದು ಗಂಟೆಯಿಂದ ಯಾಕಮ್ಮ ಸುಮ್ನಿದ್ರಿ?" ಎಂದವರು ಮರುಗಳಿಗೆಗೇ, "ತಾರಸಿ ನೋಡಿದ್ರಾ?" ಎಂದರು.

"ನೋಡ್ದೆ. ಇಲ್ಲ."

"ತಗಡಿನ ರೂಮು?"

"ಹೊರಗಿಂದ ಕೊಂಡಿ ಬಿದ್ದಿದೆ ಅಣ್ಣ, ಒಳಗೆ ಹೇಗೆ ಹೋಗ್ತಾಳೆ?"

"ಆ ಕೊಂಡಿ ತಾನೇ ಬೀಳತ್ತಮ್ಮ! ಬಾಗಿಲು ಹಾಕ್ಕೊಂಡ್ರೆ ಸಾಕು!"

ಅವರು ಎರಡೆರಡು ಮೆಟ್ಟಿಲು ಹಾರಿದರು. ನಾನು ಹಿಂದೆ. ಕೊಂಡಿ ಎತ್ತಿದಾಗ ಒಳಗಿನಿಂದ ಕಾದ ಒಲೆಯ ಬಾಯಿ ತೆಗೆದಂತೆ ಬಿಸಿ ಮುಖಕ್ಕೆ ಹೊಡೆಯಿತು. ಮುರಿದ ಮಂಚದ ಪಕ್ಕದಲ್ಲಿ ನನ್ನ ಕೂಸು ಕೂತಿತ್ತು. ಮುಖ ಕೆಂಡ, ತುಟಿ ಬಿಳಿ, ಕೂದಲು ತಲೆಗೆ ಅಂಟಿಕೊಂಡಿತ್ತು. ಮಡಿಲಲ್ಲಿ ಸ್ಕಿಪ್ಪಿಂಗ್ ಹಗ್ಗ. ಕೆಳಗೆ ಕೇಳಿಸದ ಜಾಗದಲ್ಲಿ ಆಡಲೆಂದು ಅಷ್ಟು ಎತ್ತರಕ್ಕೆ ಬಂದಿದ್ದಳು. ಗಾಳಿಗೆ ಬಾಗಿಲು ಹಾಕಿಕೊಂಡಿದೆ. ನನ್ನ ರಬ್ಬರಿನ ಕೃಪೆ, ಯಾರ ಕಿವಿಗೂ ಬಿದ್ದಿಲ್ಲ. ತಗಡಿಗೆ ಒಂದು ಸಲ ಒದ್ದಿದ್ದರೆ ಬೀದಿಯ ಕೊನೆಗೂ ಕೇಳುತ್ತಿತ್ತು. ಒದ್ದಿರಲಿಲ್ಲ. ಫ್ರಾಕಿನ ಅಂಚನ್ನು ಬಾಯಿಗೆ ತುರುಕಿಕೊಂಡು ಅತ್ತಿದ್ದಳು.

ಅವರು ಎತ್ತಿಕೊಂಡು ನೆರಳಿಗೆ ತಂದರು. ಅಂಗಡಿಯಾಕೆ ನೀರು ತಂದಳು. ಬಟ್ಟೆ ನೆನೆಸಿ ಕತ್ತು, ಕಂಕುಳು ಒರೆಸಿದೆವು. ಗುಟುಕು ಗುಟುಕಾಗಿ ನೀರು ಇಳಿಯಿತು, ತೇಲುತ್ತಿದ್ದ ಕಣ್ಣು ಸ್ಥಿಮಿತಕ್ಕೆ ಬಂತು, ನನ್ನ ಜೀವವೂ ಮರಳಿತು.

"ನಾನು ಕರೆದೆನಲ್ಲ ಚಿನ್ನ, ಇಲ್ಲೇ ಬಂದು ಕರೆದೆ," ಎಂದೆ.

"ಕೇಳಿಸ್ತು," ಎಂದಳು. "ಓ ಅಂದೆ ಅಮ್ಮ. ಮೆಲ್ಲಗೆ ಅಂದೆ."

ಆಗ ಅವಳ ಕಣ್ಣು ಕೆಳಗಿನ ಮನೆಯವರ ಮೇಲೆ ಬಿತ್ತು. ಬನಿಯನ್ನು, ಕೆಂಪು ಕಣ್ಣು, ಕೆದರಿದ ತಲೆ. ಅವಳು ಗಡಗಡ ನಡುಗತೊಡಗಿದಳು. ನನ್ನ ಕುತ್ತಿಗೆಯಲ್ಲಿ ಮುಖ ಹುದುಗಿಸಿ, "ಅಂಕಲ್ ಎದ್ಬಿಟ್ರು. ಎಲ್ರೂ ಸತ್ತುಹೋಗ್ತಾರೆ. ನಂದೇ ತಪ್ಪು," ಎಂದಳು.

ಅವರು ನನ್ನ ಕಡೆ ತಿರುಗಿದರು. ಏನು ಹೇಳಿಕೊಟ್ಟಿದ್ದೆನೆಂದು ನಾನೇ ಬಾಯಿಬಿಟ್ಟು ಹೇಳಬೇಕಾಯಿತು. ಹೇಳಿದೆ. ಅವರು ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಬಿಸಿಲಿಗೆ ಕಾದ ನೆಲದ ಮೇಲೆ ಹಾಗೇ ಕುಕ್ಕರುಗಾಲಲ್ಲಿ ಕೂತರು.

ಸ್ವಲ್ಪ ಹೊತ್ತಿಗೆ ಕೆಳಗೆ ಹೋಗಿ ಫೋನು ತಂದು, ಅವಳಿಗೆ ಕೇಳಿಸುವ ಹಾಗೆ ಆಫೀಸಿಗೆ ಮಾತಾಡಿದರು. "ನಂಗೆ ಇವತ್ತು ನಿದ್ದೆ ಆಗಿಲ್ಲ ಸಾರ್, ಗಾಡಿ ಓಡಿಸಲ್ಲ. ಬೇರೆಯವರನ್ನ ಹಾಕಿ." ಆಮೇಲೆ ಅವಳ ಮುಂದೆ ಬಗ್ಗಿ, "ನೋಡು ಮಗಳೇ, ನಾನು ಹೋಗ್ತಾ ಇಲ್ಲ. ಬೇರೆ ಡ್ರೈವರ್ ಹೋಗ್ತಾರೆ. ಅವ್ರು ಮನೇಲಿ ಆರಾಮಾಗಿ ಮಲಗಿದಾರೆ. ಯಾರಿಗೂ ಏನೂ ಆಗಲ್ಲ," ಎಂದರು.

ಪಟಾಕಿ ನಡುಗುವುದನ್ನು ನಿಲ್ಲಿಸಿ ಯೋಚಿಸಿದಳು. ನನ್ನ ತೋಳಿನಿಂದ ಮುಂದಕ್ಕೆ ಬಾಗಿ ಅವರ ಕಿವಿಯ ಹತ್ತಿರ ಬಾಯಿಟ್ಟು, ನನಗೂ ಕಷ್ಟಪಟ್ಟು ಕೇಳಿಸುವಷ್ಟು ಮೆಲ್ಲಗೆ ಕೇಳಿದಳು.

"ಅವ್ರ ಮನೆ ಮೇಲೆ ಮಕ್ಕಳು ಇದಾರಾ?"