ಗೇಟು ದಾಟದ ಮಾಲು

"ಲಾರಿ ಒಂದು ಗೇಣು ಅಲ್ಲಾಡಿದ್ರೆ ಹಲ್ಲು ಉದುರಿಸ್ತೀನಿ, ಬೋಳಿಮಗನೆ!"

ಗೇಟಿನ ಸಾಹೇಬನ ಎಂಜಲು ನನ್ನ ಮುಖಕ್ಕೆ ಸಿಡಿಯಿತು. ನಾನು ಕೇಳಿದ್ದು ಬರೀ ಎರಡು ಗಂಟೆ ರಜೆ.

ಒಂಬತ್ತು ದಿನದಿಂದ ಈ ಕಂಪ್ಯೂಟರ್ ಕಾರ್ಖಾನೆಯ ಗೇಟಿನ ಹೊರಗೆ ನನ್ನ ಲಾರಿ ನಿಂತಿದೆ. ಅದರ ತುಂಬ ಕಂಪ್ಯೂಟರಿನೊಳಗೆ ಕೂರಿಸುವ ಪುಟ್ಟ ಫ್ಯಾನುಗಳು. ಮೊದಲೆಲ್ಲ ಇಳಿಸಿ ಮನೆಗೆ ಹೋಗುತ್ತಿದ್ದೆ. ಈಗ ಇವರು ಮಾಲು ಕೂಡಿಡುವುದಿಲ್ಲವಂತೆ, ಗೋದಾಮಿಗೇ ಬೀಗ ಹಾಕಿದ್ದಾರೆ. ಗಂಟೆಗೊಮ್ಮೆ ಬೇಕಾದ ನಾಲ್ಕೇ ಪೆಟ್ಟಿಗೆ ಒಳಗೆ ಎಳೆದುಕೊಳ್ಳುತ್ತಾರೆ. ಲಾರಿ ಬರಿದಾಗುವ ಮುಂಚೆ ನಮ್ಮ ಯಜಮಾನ ಸಣ್ಣ ಗಾಡಿಯಲ್ಲಿ ಮತ್ತೆ ಮಾಲು ಕಳಿಸುತ್ತಾನೆ. ಬಿಸಿಲು ನನಗೆ, ಚಕ್ರದ ಮರೆಯಲ್ಲಿ ಉಚ್ಚೆ ಹೊಯ್ಯುವ ಭಾಗ್ಯವೂ ನನಗೆ. ಥೂ, ಇದೂ ಒಂದು ಬದುಕು!

ಇವತ್ತು ಮೂರು ಗಂಟೆಗೆ ಮಗಳ ಹೃದಯದ ಆಪರೇಷನ್. ತಪ್ಪಿದರೆ ಮುಂದಿನ ಸರದಿ ಐದು ತಿಂಗಳಿಗೆ. ಅಲ್ಲಿಯವರೆಗೆ ಅವಳು ಇರುತ್ತಾಳೆಂದು ಹೇಳಲು ಡಾಕ್ಟರಿಗೂ ಧೈರ್ಯವಿಲ್ಲ. ಹೆಂಡತಿ ಫೋನಿನಲ್ಲಿ ಅಳುತ್ತಿದ್ದಳು. "ಅಪ್ಪ ಬರೋ ತನಕ ಒಳಗೆ ಹೋಗಲ್ಲ ಅಂತ ಮಂಚದ ಕಂಬಿ ಹಿಡ್ಕೊಂಡು ಕೂತಿದಾಳೆ ರೀ. ಬೇಗ ಬನ್ನಿ."

ಯಜಮಾನನಿಗೆ ಫೋನ್ ಮಾಡಿದೆ. "ನೀನು ಬಂದ್ಬಿಟ್ರೆ ಅವರು ನನ್ನ ಚರ್ಮ ಸುಲೀತಾರೆ. ತೆಪ್ಪಗೆ ಅಲ್ಲೇ ಬಿದ್ದಿರು" ಎಂದ.

ಸಾಹೇಬನ ಕಾಲು ಹಿಡಿಯುವುದೊಂದು ಬಾಕಿ. "ಪೂರ್ತಿ ಮಾಲು ಇಳಿಸ್ಕೊಂಡ್ಬಿಡಿ ಸಾಹೇಬ್ರೆ, ನಾನು ಹೋಗ್ತೀನಿ."

"ಇಳಿಸ್ಕೊಂಡ್ರೆ ನಮ್ಮ ತಲೆಗೆ ಬರುತ್ತೆ. ಗೇಟು ದಾಟೋ ತನಕ ಅದು ನಮ್ಮದಲ್ಲ. ಸುಟ್ಟುಹೋದ್ರೂ ನಿಮ್ಮದೇ."

"ಮಗು ಸಾಯುತ್ತೆ ಸಾಹೇಬ್ರೆ."

"ಹುಟ್ಟಿಸುವಾಗ ನನ್ನ ಕೇಳಿದ್ಯೇನೋ?"

ಕಾವಲುಗಾರರು ಕಿಸಕ್ಕನೆ ನಕ್ಕರು. ನನ್ನ ಮೈಯೆಲ್ಲ ಉರಿದುಹೋಯಿತು. ಲಾರಿ ಹತ್ತಿ ಕೀಲಿ ತಿರುಗಿಸಿದೆ. ಸಾಹೇಬ ಓಡಿಬಂದು ಬಾಗಿಲು ಬಡಿದ. ನಾನು ಹಿಂತಿರುಗಿ ನೋಡಲಿಲ್ಲ.

ಆಸ್ಪತ್ರೆಯ ಕಾರಿಡಾರಿನಲ್ಲಿ ಮಗಳು ಇನ್ನೂ ಕಂಬಿ ಬಿಟ್ಟಿರಲಿಲ್ಲ. ನನ್ನನ್ನು ಕಂಡಿದ್ದೇ ತಡ, ಕಂಬಿ ಬಿಟ್ಟು ನನ್ನ ಬೆರಳು ಹಿಡಿದಳು. ನರ್ಸು ಮಂಚ ತಳ್ಳಿದಳು, ನಾನೂ ಜೊತೆಗೇ ನಡೆದೆ. ಫೋನ್ ಬಡಿದುಕೊಳ್ಳುತ್ತಲೇ ಇತ್ತು. ಕೊನೆಗೆ ಎತ್ತಿದೆ. ಗೇಟಿನ ಸಾಹೇಬ.

"ಫ್ಯಾನಿಲ್ದೆ ಕಾರ್ಖಾನೆ ಲೈನೇ ನಿಂತೋಗಿದೆ ಕಣೋ ಕಳ್ಳ! ನಮ್ಮ ಮಾಲು ಕದ್ಕೊಂಡು ಹೋಗಿದೀಯ. ಪೊಲೀಸರು ಹೊರಟಿದ್ದಾರೆ!"

"ಈಗ ನಿಮ್ಮದಾಯ್ತಾ ಸಾಹೇಬ್ರೆ?" ಎಂದೆ. "ಬರಲಿ. ಆಪರೇಷನ್ ಕೋಣೆ ಬಾಗಿಲಲ್ಲೇ ಇರ್ತೀನಿ. ಕೋಳ ತೊಡಿಸೋಕೆ ಎಡಗೈ ಕೊಡ್ತೀನಿ, ಬಲಗೈ ಮಗಳ ಹತ್ರ ಇದೆ."