ಓಣಿ ಸಾಕಿದ ನಾಯಿ

ಮಡಿವಾಳೆಪ್ಪ ಹುಬ್ಬಳ್ಳಿಗೆ ಹೋದದ್ದು ಹೊಲದ ಪಂಪಿನ ಮನೆ ಕಾಯಲು ಒಂದು ಗಟ್ಟಿ ನಾಯಿ ತರಬೇಕೆಂದು. ಬೋರಿನ ತಾಮ್ರದ ವೈರು ಕಳುವಾಗಿ ಅವನ ತಲೆ ಕೆಟ್ಟಿತ್ತು. ಜನ ಬೀದಿಗೆ ಬಿಟ್ಟ ನಾಯಿಗಳನ್ನು ಸಾಕುವ ಜಾಗವೊಂದು ಅಲ್ಲಿದೆ, ಒಳ್ಳೆಯ ಮನೆಯವರು ಕೇಳಿದರೆ ಕೊಡುತ್ತಾರೆ ಎಂದು ಯಾರೋ ಹೇಳಿದ್ದರು. ಸಂಜೆ ಅವನ ಊರು ಕುಬಿಹಾಳದ ಓಣಿಯಲ್ಲಿ ಟಂಟಂ ಗಾಡಿ ನಿಂತಿತು. ಅವನು ಎರಡೂ ಕೈಯಿಂದ ಎತ್ತಿ ಇಳಿಸಿದ್ದು ಕಂದು ಬಣ್ಣದ ಮುದಿ ನಾಯಿಯನ್ನು. ಮೂತಿಯೆಲ್ಲ ನರೆತಿತ್ತು. ಕಣ್ಣಿನಲ್ಲಿ ಹಾಲು ಹನಿಸಿದಂಥ ಪೊರೆ. ಪಕ್ಕೆಲುಬು ಎಣಿಸುವ ಹಾಗಿದ್ದವು.

ಅವನ ಹೆಂಡತಿ ಗೌರಕ್ಕ ಜೋಳ ಕೇರುತ್ತಿದ್ದ ಮೊರವನ್ನು ಹಾಗೇ ಹಿಡಿದು ಎದ್ದು ಬಂದಳು.

“ನಾಯಿ ತರಾಕ ಹೋಗಿ ಬ್ಯಾನಿ ತಂದೀರಲ್ರಿ.”

“ಬ್ಯಾನಿ ಅಲ್ಲ, ಸಕ್ಕರಿ. ನನಗೈತಲ್ಲ, ಅದ.”

“ನಿಮಗ ಇರೋದು ಸಾಲದಂತ ಜೋಡಿ ತಂದೀರೇನು?”

ಮಡಿವಾಳೆಪ್ಪ ಕಟ್ಟೆಯ ಮೇಲೆ ಕೂತು ಸಮಾಧಾನದಿಂದ ಹೇಳಿದ. ನಾಯಿಯನ್ನು ಯಾರೋ ಬಸ್‌ಸ್ಟ್ಯಾಂಡಿನ ಕಂಬಕ್ಕೆ ಕಟ್ಟಿ ಹೋಗಿದ್ದರಂತೆ. ಅದರ ಹೆಸರು ಕಾಫಿ. ಆ ನಾಯಿಮನೆ ನೋಡಿಕೊಳ್ಳುವ ಜಾಸ್ಮಿನ್ ಎಂಬ ಹುಡುಗಿ ಬಂದವರನ್ನೆಲ್ಲ ಒಂದೇ ಪ್ರಶ್ನೆ ಕೇಳುತ್ತಿದ್ದಳಂತೆ: ಇದಕ್ಕೆ ದಿನವೂ ಎರಡು ಹೊತ್ತು ಇನ್ಸುಲಿನ್ ಸೂಜಿ ಚುಚ್ಚುವವರು ನಿಮ್ಮ ಮನೆಯಲ್ಲಿ ಯಾರಿದ್ದಾರೆ? ಕೇಳಿದವರೆಲ್ಲ ಬೇರೆ ನಾಯಿಯ ಕಡೆ ಸರಿದು ಹೋಗುತ್ತಿದ್ದರು.

“ನಾ ಅಂದೆ, ನಮ್ಮ ಮನ್ಯಾಗ ಸೂಜಿ ಐತಿ, ಫ್ರಿಜ್ ಐತಿ, ಚುಚ್ಚಾಕಿನೂ ಅದಾಳ. ಎಲ್ಲಾ ತಯಾರ ಇದ್ದಾಗ ಒಲ್ಲೆ ಅನ್ನೋದು ಹ್ಯಾಂಗ?”

“ಚುಚ್ಚಾಕಿನ್ನ ಒಂದ್ ಮಾತ ಕೇಳಬೇಕಿತ್ತು.”

“ಕೇಳಿದ್ರ ಬ್ಯಾಡ ಅಂತಿದ್ದಿ.”

ಅದು ನಿಜವೇ ಆಗಿತ್ತು. ಗೌರಕ್ಕ ಮೊರ ಕೆಳಗಿಟ್ಟು ನಾಯಿಗೆ ನೀರು ತಂದಳು.

ಕೆಲಸ ಎಂದ ಮೇಲೆ ಅವಳಲ್ಲಿ ಅರೆಮನಸ್ಸು ಇರಲಿಲ್ಲ. ನಾಯಿಮನೆಯ ಡಾಕ್ಟರು ಹೇಳಿದ ಅಳತೆಯಲ್ಲಿ ಉಪ್ಪಿಲ್ಲದ ಬೇಳೆಗೆ ರೊಟ್ಟಿ ಮುರಿದು ಹಾಕುವಳು, ನಾಯಿ ಉಂಡ ಮೇಲೆ ಕುತ್ತಿಗೆಯ ಚರ್ಮ ಎತ್ತಿ ಸೂಜಿ ಕೊಡುವಳು. ಒಂದು ತತ್ತಿಯನ್ನೂ ಕೊಡಬೇಕೆಂದು ಡಾಕ್ಟರು ಹೇಳಿದ್ದರು. ಲಿಂಗ ಕಟ್ಟಿದವರ ಮನೆಯ ಒಲೆಯ ಮೇಲೆ ತತ್ತಿ ಬೇಯುವುದುಂಟೇ? ಓಣಿಯ ತುದಿಯ ಹಲೀಮಾಬಿ ತನ್ನ ಮನೆಯಲ್ಲಿ ಬೇಯಿಸಿ, ಸುಲಿದು ತಂದು, ಕಟ್ಟೆಯ ಕೆಳಗಿನ ತಾಟಿಗೆ ಹಾಕಿ ಹೋಗುತ್ತಿದ್ದಳು. ಹೀಗೆ ಅದೂ ನಡೆಯಿತು.

ಕಾಫಿಗೆ ಕಣ್ಣು ಅಷ್ಟಾಗಿ ಕಾಣುತ್ತಿರಲಿಲ್ಲ. ಗೌರಕ್ಕನ ಬಳೆಯ ಸದ್ದು ಹಿಡಿದು ಹಿತ್ತಲಿಗೂ ಪಡಸಾಲೆಗೂ ಅವಳ ಹಿಂದೆಯೇ ತಿರುಗುತ್ತಿತ್ತು. ಸೂಜಿಯ ಹೊತ್ತಿಗೆ ತಾನಾಗಿ ಬಂದು ಕುತ್ತಿಗೆ ಬಗ್ಗಿಸಿ ನಿಲ್ಲುತ್ತಿತ್ತು. ಅದರ ಪಕ್ಕ ಕೂತ ಮಡಿವಾಳೆಪ್ಪ ಮಾತ್ರ ತನ್ನ ಸರದಿ ಬಂದಾಗ, ಇಷ್ಟು ವರ್ಷವಾದರೂ, “ಯವ್ವಾ!” ಎಂದು ಹಲ್ಲು ಕಚ್ಚುವನು.

“ನೋಡಿ ಕಲೀರಿ,” ಎನ್ನುವಳು ಗೌರಕ್ಕ. “ಮೂಕ ಜೀವ ಸುಮ್ನ ನಿಂತೈತಿ.”

ಆದರೆ ನಾಯಿ ಮೈ ತುಂಬಿಕೊಳ್ಳಲಿಲ್ಲ. ಕರುವಿನ ಹಾಗೆ ನೀರು ಕುಡಿಯುವುದು, ಹೊರಗೆ ಹೋಗುವುದು, ಮತ್ತೆ ಕುಡಿಯುವುದು. ಎದುರು ಮನೆಯ ಬಸಲಿಂಗವ್ವ ಒಮ್ಮೆ ಬಾಗಿಲಲ್ಲಿ ನಿಂತು ಕೇಳಿಯೇ ಬಿಟ್ಟಳು.

“ಗೌರಕ್ಕಾ, ಅದಕ್ಕೇನರ ಹಾಕ್ತಿಯೋ ಬರೇ ನೀರ ಕುಡಸ್ತಿಯೋ?”

“ಡಾಕ್ಟರ್ ಹೇಳಿದಷ್ಟ ಹಾಕ್ತೀನಿ ಬೇ.”

“ಡಾಕ್ಟರ್‌ಗೇನ್ ಗೊತ್ತು ನಾಯಿ ಹೊಟ್ಟಿ? ನಿನ್ನ ಕೈ ಮೊದಲಿಂದನೂ ಅಗದಿ ಬಿಗಿ.”

ಜಾಸ್ಮಿನ್ ಆಗಾಗ ವ್ಯಾನಿನಲ್ಲಿ ಬಂದು ನೋಡುತ್ತಿದ್ದಳು. ಕಾಫಿಯ ಕಿವಿಯಂಚಿನಿಂದ ಒಂದು ಹನಿ ರಕ್ತ ತೆಗೆದು ಮಶೀನಿಗೆ ಹಚ್ಚುವಳು. ಮೊದಲ ಸಲ ಸಕ್ಕರೆ ಬಹಳ ಇತ್ತು. ಅವರ ಡಾಕ್ಟರು ಫೋನಿನಲ್ಲಿ ಡೋಸ್ ಏರಿಸಿದರು. ಎರಡನೆಯ ಸಲವೂ ಬಹಳವೇ ಇತ್ತು. ಮತ್ತೆ ಏರಿಸಿದರು.

“ಅಕ್ಕಾರ, ಸಿಟ್ಟ ಆಗಬ್ಯಾಡ್ರಿ,” ಎಂದಳು ಜಾಸ್ಮಿನ್. “ಇನ್ನೊಂದ್ಸಲನೂ ಹಿಂಗ ಬಂದ್ರ ನಾನು ಇದನ್ನ ವಾಪಸ್ ಒಯ್ಯಬೇಕಾಗ್ತದ. ಸಕ್ಕರಿ ಹಿಂಗ ಉಳದ್ರ ಬಹಳ ದಿನ ಬಾಳಂಗಿಲ್ಲ ಇದು.”

ಗೌರಕ್ಕ ತಲೆಯಾಡಿಸಿದಳು. ಗಂಡನ ಸಕ್ಕರೆಯನ್ನು ಇಷ್ಟು ಕಾಲ ಹದ್ದುಬಸ್ತಿನಲ್ಲಿಟ್ಟ ಕೈ ಇದು. ಈ ಮುದಿ ನಾಯಿಯ ವಿಷಯದಲ್ಲಿ ಎಲ್ಲಿ ತಪ್ಪುತ್ತಿದೆ? ರೊಟ್ಟಿ ಸಣ್ಣದು ಮಾಡಿದಳು. ಬೇಳೆ ತೆಳ್ಳಗೆ ಮಾಡಿದಳು. ವ್ಯಾನು ಬಂದ ಸದ್ದಾದರೆ ಬಾಗಿಲಿಗೆ ಓಡುವಳು. ಬೇಡ ಎಂದಿದ್ದ ನಾಯಿಯನ್ನು ಈಗ ಯಾರಾದರೂ ಒಯ್ಯುತ್ತಾರೆ ಎಂದರೆ ಅವಳಿಗೆ ಊಟ ಸೇರುತ್ತಿರಲಿಲ್ಲ.

ಶ್ರಾವಣ ಬಂತು. ಮೊದಲ ಸೋಮವಾರ ಓಣಿಗೆ ಓಣಿಯೇ ಉಪವಾಸ. ಬೆಳಿಗ್ಗೆ ಎಲ್ಲರೂ ಮಿಂದು ಗುಡಿಗೆ ಹೋಗಿ ಬಂದರು. ಸಂಜೆಯ ಪೂಜೆಯ ತನಕ ಯಾರ ಮನೆಯಲ್ಲೂ ಒಲೆ ಹೊತ್ತುವುದಿಲ್ಲ. ಗೌರಕ್ಕ ತಾನು ಉಪವಾಸವಿದ್ದರೂ ಗಂಡನಿಗೂ ನಾಯಿಗೂ ರೊಟ್ಟಿ ಬಡಿದಳು. ಸೂಜಿ ತಗೊಳ್ಳುವವರಿಗೆ ಉಪವಾಸವಿಲ್ಲ ಎಂಬುದು ಅವಳ ಮನೆಯ ಕಾನೂನು. ಇಬ್ಬರೂ ಉಂಡರು, ಇಬ್ಬರಿಗೂ ಸೂಜಿಯಾಯಿತು. ಮಡಿವಾಳೆಪ್ಪ ಗೊಬ್ಬರ ತರಲು ಗುಡಗೇರಿಗೆ ಹೋದ.

ಬಿಸಿಲು ಏರುವ ಹೊತ್ತಿಗೆ ಕಾಫಿ ಕಟ್ಟೆಯಿಂದ ಇಳಿಯಲು ಹೋಗಿ ಕಾಲು ಮಡಚಿ ಬಿತ್ತು. ಎದ್ದು ನಿಂತದ್ದು ಕುಡಿದವರ ಹಾಗೆ ತೂರಾಡಿತು. ಮತ್ತೆ ಬಿದ್ದು ಮೈಯೆಲ್ಲ ಸೆಟೆದು ನಡುಗತೊಡಗಿತು.

ಗೌರಕ್ಕ ಈ ನಡುಕವನ್ನು ಮೊದಲು ಕಂಡಿದ್ದಳು. ಗಂಡ ಒಮ್ಮೆ ಸೂಜಿ ತಗೊಂಡು ಉಣ್ಣದೆ ಹೊಲಕ್ಕೆ ಹೋದಾಗ ಹೀಗೆಯೇ ಬದುವಿನ ಮೇಲೆ ಬಿದ್ದಿದ್ದ. ಅವಳು ಒಳಗೆ ಓಡಿ ಬೆಲ್ಲ ಜಜ್ಜಿ, ನೀರಿನಲ್ಲಿ ಕದಡಿ ತಂದು, ಬೆರಳಿನಿಂದ ನಾಯಿಯ ವಸಡಿಗೆ ಸವರಿದಳು. ಸವರಿದಳು, ಕಾದಳು, ಮತ್ತೆ ಸವರಿದಳು.

ಅವಳ ಕೂಗು ಕೇಳಿ ಬಸಲಿಂಗವ್ವ ಹಣೆಯ ಮೇಲಿನ ವಿಭೂತಿ ಅಳಿಸಿಹೋಗುವ ಹಾಗೆ ಬೆವರುತ್ತ ಓಡಿಬಂದಳು. ನೆಲದ ಮೇಲಿನ ನಾಯಿಯನ್ನು ನೋಡಿದವಳೇ ಎದೆ ಬಡಿದುಕೊಂಡಳು.

“ಬಸವಣ್ಣನ ಆಣಿ ಗೌರಕ್ಕಾ, ಇವತ್ತ ನಾ ಏನೂ ಹಾಕಿಲ್ಲಬೇ! ಒಲಿನ ಹಚ್ಚಿಲ್ಲ, ಏನ ಹಾಕ್ಲಿ?”

ಗೌರಕ್ಕನ ಬೆರಳು ನಾಯಿಯ ಬಾಯಲ್ಲೇ ನಿಂತಿತು.

“ಇವತ್ತ ಹಾಕಿಲ್ಲ ಅಂದ್ರ?”

ಬಸಲಿಂಗವ್ವ ಸೆರಗು ಬಾಯಿಗೆ ಒತ್ತಿಕೊಂಡಳು.

“ಹೇಳ ಬೇ. ದಿನಾ ಏನ ಹಾಕ್ತಿದ್ದಿ?”

“ಏನ ಬಾಳಲ್ಲ. ರೊಟ್ಟಿ. ಹಾಲು. ಹಾಲಿಗೆ ಚೂರ ಬೆಲ್ಲ. ನೀನು ಹಿತ್ತಲಕ್ಕ ಹೋದಾಗ. ಎಲಬು ಕಂಡ ಕರಳು ಚುರ್ ಅಂತಿತ್ತು ನೋಡು. ನಾ ಒಬ್ಬಾಕಿ ಅಲ್ಲ, ಆ ಬಾಜೂಮನಿಯಾಕಿ ಅಮೃತಾನೂ ಹಾಕ್ತಾಳ. ಗುಡಿ ಪೂಜಾರ ಹೆಂಡ್ತಿನೂ. ನಿಮ್ಮ ಯಜಮಾನರನ್ನ ಕೇಳು, ಚಾದಂಗಡ್ಯಾಗ ಬಿಸ್ಕೀಟು ಅರ್ಧಾ ಅವರದು, ಅರ್ಧಾ ಇದರದು.”

ಗೌರಕ್ಕ ಅಲ್ಲಿಯೇ ಕೂತಳು. ಈಗ ಎಲ್ಲವೂ ತಿಳಿಯಿತು. ತಾನು ಅಳೆದು ಹಾಕಿದ್ದು ಒಂದು ಮನೆಯ ಊಟ, ನಾಯಿ ಉಂಡದ್ದು ಓಣಿಯ ಊಟ. ಸಕ್ಕರೆ ಇಳಿಯಲಿಲ್ಲವೆಂದು ಡಾಕ್ಟರು ಡೋಸ್ ಏರಿಸುತ್ತ ಹೋದರು. ಇವತ್ತು ಓಣಿಯ ಒಲೆಗಳೆಲ್ಲ ತಣ್ಣಗಿದ್ದವು, ಗಂಡನೂ ಊರಲ್ಲಿಲ್ಲ. ಓಣಿಯ ಊಟ ನಿಂತಿತು, ಓಣಿಯ ಊಟಕ್ಕೆ ಕೊಟ್ಟ ಔಷಧ ಮಾತ್ರ ಮೈಯೊಳಗೆ ಇಳಿದಿತ್ತು.

ಬೈಯಬೇಕೆಂದು ಬಾಯಿ ತೆರೆದಳು. ಬಸಲಿಂಗವ್ವ ಅಳುತ್ತಿದ್ದಳು. ಅಷ್ಟರಲ್ಲಿ ಕಾಫಿಯ ನಾಲಗೆ ಗೌರಕ್ಕನ ಬೆರಳನ್ನು ಒಮ್ಮೆ ನೆಕ್ಕಿತು. ಬೈಗುಳ ಬಾಯಲ್ಲೇ ಉಳಿಯಿತು.

ನಾಯಿ ತಲೆ ಎತ್ತಿ ಕೂತ ಮೇಲೆ ಗೌರಕ್ಕ ಅದಕ್ಕೆ ಒಂದಿಷ್ಟು ಉಣಿಸಿ, ಫೋನು ಕೈಗೆತ್ತಿಕೊಂಡಳು.

“ಆ ಹುಡುಗಿಗೆ ಹೇಳಬ್ಯಾಡ,” ಎಂದಳು ಬಸಲಿಂಗವ್ವ. “ಒಯ್ತಾಳ ನೋಡು.”

“ಹೇಳದಿದ್ರ ಡೋಸ್ ಯಾರ ಇಳಸ್ತಾರ, ನೀ ಇಳಸ್ತಿ?”

ಜಾಸ್ಮಿನ್ ಮಧ್ಯಾಹ್ನವೇ ಬಂದಳು. ರಕ್ತ ನೋಡಿದಳು, ಡಾಕ್ಟರ ಹತ್ತಿರ ಮಾತಾಡಿ ಡೋಸ್ ಇಳಿಸಿದಳು. ಆಮೇಲೆ ಕಟ್ಟೆಯ ಮೇಲೆ ಕೂತು ತಲೆ ತಗ್ಗಿಸಿ ಹೇಳಿದಳು.

“ಅಕ್ಕಾರ, ನಿಮ್ಮ ತಪ್ಪಿಲ್ಲ. ಆದ್ರ ಇದನ್ನ ಇಲ್ಲಿ ಬಿಡಾಕ ನನಗ ಧೈರ್ಯ ಇಲ್ಲ. ನಾಕ ದಿನಕ್ಕ ಪಂಚಮಿ. ಮನಿಮನ್ಯಾಗ ಬೆಲ್ಲದ ಉಂಡಿ ಕಟ್ತಾರ. ಯಾರ ಕೈನ ಅಂತ ಹಿಡೀತೀರಿ?”

ಗುಡಗೇರಿಯಿಂದ ಮರಳಿದ್ದ ಮಡಿವಾಳೆಪ್ಪ ಗೊಬ್ಬರದ ಚೀಲದ ಹಿಂದೆ ನಿಂತಿದ್ದ. ಹೆಂಡತಿಯ ಮುಖ ನೋಡುವ ಧೈರ್ಯ ಅವನಿಗೂ ಇರಲಿಲ್ಲ.

ಗೌರಕ್ಕ ನಾಯಿಯ ಹತ್ತಿರ ಸರಿದು ಕೂತಳು.

“ನಿಮ್ಮಲ್ಲಿ ಎಷ್ಟ ನಾಯಿ ಅದಾವ ತಂಗಿ?”

“ಬಹಳ ಅದಾವ.”

“ಇದು ಬಿದ್ದದ್ದು ಹಗಲಿನ್ಯಾಗ, ನನ್ನ ಕಣ್ಣ ಮುಂದ. ಅಲ್ಲಿ ಅಷ್ಟ ನಾಯಿ ನಡುವ ಬಿದ್ರ ತಕ್ಷಣ ಕಾಣ್ತೈತೇನು?”

ಜಾಸ್ಮಿನ್ ಸುಳ್ಳು ಹೇಳಲಿಲ್ಲ. “ಕಾಣದನೂ ಹೋಗ್ಬಹುದು,” ಎಂದಳು.

“ಹಂಗಾರ ಪಂಚಮಿ ಮುಗಿಯೂತನಾ ಬಿಡು. ಆಮ್ಯಾಲೆ ಬಂದು ರಕ್ತ ನೋಡು. ನೆಟ್ಟಗಿರಲಿಲ್ಲಂದ್ರ ನಾನ ಎತ್ತಿ ವ್ಯಾನಿನ್ಯಾಗ ಹಾಕ್ತೀನಿ.”

ವ್ಯಾನು ಹೋದ ಮೇಲೆ ಗೌರಕ್ಕ ಬಸಲಿಂಗವ್ವನನ್ನು ಕರೆದು, ಅವಳ ಕೈಗೆ ಖಾಲಿ ಸೂಜಿಯನ್ನೂ ಒಂದು ಬದನೆಕಾಯಿಯನ್ನೂ ಕೊಟ್ಟಳು.

“ಚುಚ್ಚಾಕ ಕಲಿ. ನಾಳಿಂದ ಸಂಜಿ ಸೂಜಿ ನಿಂದು.”

“ನಂದಾ? ಕಳ್ಳನ ಕೈಯಾಗ ಕೀಲಿ ಕೊಡ್ತಿಯೇನ?”

“ಮತ್ತ್ಯಾರಿಗೆ ಕೊಡ್ಲಿ? ಯಾವ ಮನ್ಯಾಕಿ ಯಾವಾಗ ಏನ್ ಹಾಕ್ತಾಳ ಅನ್ನೋದು ನಿನಗ ಗೊತ್ತು, ನನಗ ಗೊತ್ತಿಲ್ಲ.”

ಬಸಲಿಂಗವ್ವ ಬದನೆಕಾಯಿ ಹಾಳಾದ ಮೇಲೆ ಇನ್ನೊಂದು ತರಿಸಿಕೊಂಡಳು. ಮರುದಿನ ಸಂಜೆ ಕಾಫಿ ಅವಳ ಮುಂದೆ ಕುತ್ತಿಗೆ ಬಗ್ಗಿಸಿ ನಿಂತಾಗ ಅವಳು ಕಣ್ಣು ಮುಚ್ಚಿ ಶಿವಶಿವಾ ಎಂದಳು. ಗೌರಕ್ಕ ಹೇಳಿದಳು: “ಕಣ್ ತಗದು ಚುಚ್ಚ ಬೇ, ನಿನ್ನ ಕೈಗ ಚುಚ್ಚಿಕೊಂಡೀ.”

ಸೂಜಿ ಕೊಟ್ಟ ಮೇಲೆ ಬಸಲಿಂಗವ್ವ ಬೇರೆ ಹೆಂಗಸೇ ಆದಳು. ತಾನು ಚುಚ್ಚಿದ ಔಷಧವನ್ನು ಬೇರೆಯವರು ಬೆಲ್ಲ ಹಾಕಿ ಕೆಡಿಸುವುದು ಅವಳಿಗೆ ಸಹಿಸಲಾಗದಾಯಿತು. ಪಂಚಮಿಯ ದಿನ ಓಣಿಯ ತುಂಬ ಶೇಂಗಾ ಉಂಡಿ, ಎಳ್ಳಿನ ಉಂಡಿ, ತಂಬಿಟ್ಟು. ತವರಿಗೆ ಬಂದ ಹೆಣ್ಣುಮಕ್ಕಳು ತಾಟು ಹಿಡಿದು ಮನೆಯಿಂದ ಮನೆಗೆ ಓಡಾಡುತ್ತಿದ್ದರು. ಬಸಲಿಂಗವ್ವ ಗೌರಕ್ಕನ ಕಟ್ಟೆಯ ಮೇಲೆ ಕಾಲು ಚಾಚಿ ಕೂತುಬಿಟ್ಟಳು, ಕಾಫಿ ಅವಳ ಬೆನ್ನ ಹಿಂದೆ.

“ಏ ಅಮೃತಾ, ಕೈ ಸೆರಗಿನ್ಯಾಗ ಯಾಕ ಇಟ್ಟಿ? ತಗಿ ಹೊರಗ.”

“ಒಂದ ಉಂಡಿ ದೊಡ್ಡವ್ವಾ, ವರ್ಷದ ಹಬ್ಬ.”

“ಒಂದ ಉಂಡಿನ ವಿಷ ಇದಕ್ಕ. ಇಲ್ಲಿ ಕೊಡು ನನ್ನ ಕೈಯಾಗ. ಪುಣ್ಯಾ ಬೇಕಾಗಿದ್ರ ನಾಯಿ ಹೊರಗ ತಿರಗಾಡ್ಸಿ ಬಾ.”

ಮಡಿವಾಳೆಪ್ಪ ಚಾದಂಗಡಿಗೆ ಹೊರಟಾಗ ಅವನ ಜೇಬನ್ನೂ ತಡವಿ ಕಳಿಸಿದಳು. “ಕಾಕಾ, ನಿಮ್ಮ ಬಿಸ್ಕೀಟ ಗೌರಕ್ಕ ನೋಡ್ಕೊಳ್ಳಲಿ. ನಾಯಿದು ನನಗ ಸಂಬಂಧ.”

ಹಬ್ಬ ಮುಗಿದ ಮೇಲೆ ಜಾಸ್ಮಿನ್ ಬಂದಳು. ವ್ಯಾನಿನಲ್ಲಿ ಕಾಫಿಗೆಂದು ಚಾದರ ಹಾಸಿಕೊಂಡೇ ಬಂದಿದ್ದಳು. ಬಾಗಿಲು ಬಾಗಿಲಲ್ಲಿ ಹೆಂಗಸರು ನಿಂತರು. ಗೌರಕ್ಕ ನಾಯಿಯ ತಲೆ ಹಿಡಿದು ಕೂತಳು. ಅವಳ ಬಳೆಗಳು ಸಣ್ಣಗೆ ಸದ್ದು ಮಾಡುತ್ತಿದ್ದವು. ಮಶೀನು ಕೂಗಿತು. ಜಾಸ್ಮಿನ್ ನೋಡಿ ಇನ್ನೊಂದು ಹನಿ ತೆಗೆದು ಮತ್ತೆ ನೋಡಿದಳು.

“ಏನಂತ? ಪಾಸೋ ನಪಾಸೋ?” ಬಸಲಿಂಗವ್ವ ತಡೆಯಲಾರದೆ ಕೇಳಿದಳು.

“ಪೂರಾ ಹದಕ್ಕ ಬಂದಿಲ್ರಿ. ಆದ್ರ ಇಷ್ಟ ಕಮ್ಮಿ ಡೋಸಿನ್ಯಾಗ ಇಷ್ಟ ಚಲೋ ಮೊದಲ ಬಂದಿರಲಿಲ್ಲ.” ಜಾಸ್ಮಿನ್ ನಕ್ಕಳು. “ಇರ್ಲಿ ಅಕ್ಕಾರ. ಇಲ್ಲೇ ಇರ್ಲಿ.”

ಗೌರಕ್ಕ ನಾಯಿಯ ತಲೆ ಬಿಡಲಿಲ್ಲ. ಮುಖ ಮಾತ್ರ ಆ ಕಡೆ ತಿರುಗಿಸಿದಳು.

“ಎಲ್ಲಾ ಚಲೋ ಆತು,” ಎಂದಳು ಬಸಲಿಂಗವ್ವ ಸೊಂಟ ಹಿಡಿದು ಏಳುತ್ತ. “ಜಪ್ತಿ ಮಾಡಿದ ಉಂಡಿ ಒಂದ ಬುಟ್ಟಿ ತಿಂದೀನಿ. ಈಗ ಆ ಮಶೀನ ನನ್ನ ಬೆರಳಿಗೂ ಒಮ್ಮೆ ಹಚ್ಚಿ ನೋಡವಾ.”